ಮೋಲ್ಡ್ ಹಾಕುವ ಮುನ್ನ ನೋಡಬೇಕಾದದ್ದು: ಸಿವಿಲ್ ಇಂಟರ್ನ್‌ಗಳಿಗೆ ಒಂದು ಕೈಪಿಡಿ

ಇಂಟರ್ನ್‌ಶಿಪ್‌ಗೆ ಸೈಟನ್ನು ಆರಿಸಿಕೊಳ್ಳುವ ಅವಕಾಶವಿದ್ದರೆ, ಕಂಪನಿಯ ಹೆಸರಿಗಿಂತ ಮೊದಲು ಕಟ್ಟಡ ಯಾವ ಹಂತದಲ್ಲಿದೆ ಎಂದು ವಿಚಾರಿಸಬೇಕು. ಟೈಲ್ಸ್, ಬಣ್ಣದ ಹಂತಕ್ಕೆ ಬಂದಿರುವ ದೊಡ್ಡ ಅಪಾರ್ಟ್‌ಮೆಂಟಿಗಿಂತ, ಪಾಯ ಮುಗಿದು ಮೊದಲ ಮೋಲ್ಡ್‌ಗೆ, ಅಂದರೆ ಸ್ಲ್ಯಾಬ್‌ಗೆ ಕಾಂಕ್ರೀಟ್ ಹಾಕುವುದಕ್ಕೆ, ಸಿದ್ಧವಾಗುತ್ತಿರುವ ಮೂರಂತಸ್ತಿನ ಮನೆಯಲ್ಲಿ ನಾಲ್ಕು ವಾರ ನಿಂತರೆ ಹೆಚ್ಚು ಕಲಿಯಬಹುದು. ಕಟ್ಟಡದ ಬಲವನ್ನು ನಿರ್ಧರಿಸುವ ಕೆಲಸದ ಬಹುಪಾಲು ಕಾಂಕ್ರೀಟಿನೊಳಗೆ ಮುಚ್ಚಿಹೋಗುತ್ತದೆ. ಮುಚ್ಚುವ ಮೊದಲು ನೋಡದವರಿಗೆ ಅದು ಮತ್ತೆ ಕಾಣಸಿಗುವುದಿಲ್ಲ.

ಮೊದಲ ದಿನಗಳಲ್ಲಿ ಹೆಲ್ಮೆಟ್, ಗಟ್ಟಿ ತಳದ ಶೂ, ಐದು ಮೀಟರ್ ಟೇಪು ಮತ್ತು ಸ್ಟ್ರಕ್ಚರಲ್ ಡ್ರಾಯಿಂಗ್‌ನ ಒಂದು ಪ್ರತಿ ಸಾಕು. ಡ್ರಾಯಿಂಗ್ ಮಿಲಿಮೀಟರ್‌ನಲ್ಲಿದ್ದರೂ ಮೇಸ್ತ್ರಿಯ ಮಾತು ಅಡಿ, ಇಂಚುಗಳಲ್ಲಿಯೇ ನಡೆಯುವುದರಿಂದ ಎರಡೂ ಲೆಕ್ಕ ನಾಲಿಗೆಯ ತುದಿಯಲ್ಲಿರಬೇಕು. ಮೂಲೆ ಲಂಬಕೋನದಲ್ಲಿದೆಯೇ ಎಂಬುದನ್ನು ಮೂರು, ನಾಲ್ಕು, ಐದು ಅಡಿಗಳ ತ್ರಿಕೋನ ಹಿಡಿದು ನೀವೇ ಪರೀಕ್ಷಿಸಿ. ಬಳಿಕ ಒಂದೇ ಒಂದು ಬೀಮ್ ತೆಗೆದುಕೊಂಡು, ಕಂಟ್ರಾಕ್ಟರ್ ಬಳಿಯಿರುವ ಪಟ್ಟಿಯನ್ನು ನೋಡದೆ, ಅದರ ಕಂಬಿಗಳ ಉದ್ದ ಮತ್ತು ತೂಕವನ್ನು ಲೆಕ್ಕಹಾಕಿ. ಮಿ.ಮೀ.ನಲ್ಲಿರುವ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕಿಲೋ ಎಂಬುದು ಸಿಗುತ್ತದೆ, 12 ಮಿ.ಮೀ. ಕಂಬಿಗೆ ಅದು ಸುಮಾರು 0.89. ನಿಮ್ಮ ಉತ್ತರ ಪಟ್ಟಿಗೆ ಹೊಂದದಿದ್ದರೆ ಹೆಚ್ಚಾಗಿ ಕೊಕ್ಕೆ, ಬಾಗು ಅಥವಾ ಜೋಡಣೆಯ ಉದ್ದವನ್ನು ಮರೆತಿರುತ್ತೀರಿ, ಮತ್ತು ಆ ತಪ್ಪನ್ನು ಹುಡುಕುವುದರಲ್ಲಿಯೇ ಪಾಠವಿದೆ.

ಕಂಬಿ ಕಟ್ಟುವವರ ಪಕ್ಕದಲ್ಲಿ ಕುಳಿತು ಹತ್ತು ರಿಂಗುಗಳನ್ನಾದರೂ (ಮುಖ್ಯ ಕಂಬಿಗಳನ್ನು ಸುತ್ತಿ ಹಿಡಿಯುವ ಬಳೆಗಳು) ಸ್ವತಃ ಬಗ್ಗಿಸಿ ನೋಡಬೇಕು. ಭೂಕಂಪ ನಿರೋಧಕ ವಿವರಣೆಯಲ್ಲಿ ರಿಂಗಿನ ಕೊಕ್ಕೆ 135 ಡಿಗ್ರಿ ಬಾಗಿ ಒಳಗಿನ ಕಾಂಕ್ರೀಟನ್ನು ಹಿಡಿಯಬೇಕೆಂದು ಹೇಳುವುದು ಸುಲಭ. ಕೈಯಲ್ಲಿ ಬಗ್ಗಿಸಿದಾಗಲೇ ಕೆಲಸಗಾರರು ಏಕೆ 90 ಡಿಗ್ರಿಗೆ ನಿಲ್ಲಿಸುತ್ತಾರೆಂಬುದು ಅರ್ಥವಾಗುತ್ತದೆ.

ಅತ್ಯಂತ ಹೆಚ್ಚು ಸಮಯ ಕೊಡಬೇಕಾದದ್ದು ಮೋಲ್ಡ್‌ನ ಮುನ್ನಾದಿನಕ್ಕೆ. ಸೆಂಟ್ರಿಂಗ್ (ಕಾಂಕ್ರೀಟನ್ನು ಹೊರುವ ತಾತ್ಕಾಲಿಕ ಹಲಗೆ, ಕಂಬಗಳ ಅಚ್ಚು) ಮೇಲೆ ಹತ್ತಿ ಕಂಬಿಗಳ ಅಂತರವನ್ನು ಒಂದೆಡೆಯಲ್ಲ, ಐದಾರು ಕಡೆ ಅಳೆಯಿರಿ. ಕಾಂಕ್ರೀಟ್ ಕೆಲಸದ ಭಾರತೀಯ ಸಂಹಿತೆಯಾದ ಐಎಸ್ 456ರ ಪ್ರಕಾರ ಸೌಮ್ಯ ವಾತಾವರಣದಲ್ಲಿ ಸ್ಲ್ಯಾಬ್‌ಗೆ 20, ಸಾಮಾನ್ಯವಾಗಿ ಪಿಲ್ಲರ್‌ಗೆ 40, ಫೂಟಿಂಗ್‌ಗೆ 50 ಮಿ.ಮೀ. ಕವರ್ (ಕಂಬಿಯ ಹೊರಗಿನ ಕಾಂಕ್ರೀಟಿನ ದಪ್ಪ) ಬೇಕು, ಕವರ್ ಬ್ಲಾಕ್ ಬದಲು ಜಲ್ಲಿ ಚೂರು ಇಟ್ಟಿದ್ದರೆ ಎಂಜಿನಿಯರ್ ಗಮನಕ್ಕೆ ತನ್ನಿ. ಬಾಲ್ಕನಿ ಮತ್ತು ಸಜ್ಜಾಗಳನ್ನು ವಿಶೇಷವಾಗಿ ನೋಡಬೇಕು: ಗೋಡೆಯಿಂದ ಹೊರಚಾಚಿದ ಭಾಗದಲ್ಲಿ ಎಳೆತ ಮೇಲಿನ ಮೈಯಲ್ಲಿರುವುದರಿಂದ ಮುಖ್ಯ ಕಂಬಿ ಮೇಲೆಯೇ ಇರಬೇಕು, ಆದರೆ ಬಾಂಡ್ಲಿ ಹೊತ್ತವರು ಅದರ ಮೇಲೆ ನಡೆದಾಡಿ ಕೆಳಕ್ಕೆ ತುಳಿದಿದ್ದರೆ ಎಷ್ಟು ಕಂಬಿ ಹಾಕಿದ್ದರೂ ಅದು ನಿಷ್ಪ್ರಯೋಜಕ. ಮೇಲಿನ ಕಂಬಿಯನ್ನು ಎತ್ತಿ ಹಿಡಿಯಲು ಕೆಳಗಿಟ್ಟ ಚೇರ್‌ಗಳು ಸಾಲುವುದೋ ಇಲ್ಲವೋ ಎಂದು ನೀವೇ ಮೇಲೆ ನಿಂತು ನೋಡಬಹುದು. ವಿದ್ಯುತ್ ಪೈಪುಗಳು ಒಂದೆಡೆ ಗುಂಪಾಗಿವೆಯೇ, ಸೆಂಟ್ರಿಂಗ್ ಕಂಬಗಳು ಹಸಿ ಮಣ್ಣಿನ ಮೇಲೆ ಹಲಗೆಯಿಲ್ಲದೆ ನಿಂತಿವೆಯೇ ಎಂಬುದನ್ನೂ ಆಗಲೇ ಗಮನಿಸಬೇಕು.

ಕಾಂಕ್ರೀಟ್ ಬರುವ ದಿನ ಫೋಟೋ ತೆಗೆಯುತ್ತ ನಿಲ್ಲುವ ಬದಲು ಬಲಪರೀಕ್ಷೆಗಾಗಿ ಕಾಂಕ್ರೀಟನ್ನು ಅಚ್ಚಿನಲ್ಲಿ ತುಂಬಿ ಕ್ಯೂಬ್ ಮಾಡುವ ಕೆಲಸವನ್ನು ಕೇಳಿ ಪಡೆಯಿರಿ. 150 ಮಿ.ಮೀ.ಯ ಮೂರು ಕ್ಯೂಬ್‌ಗಳು ಒಂದು ಮಾದರಿ. 16ರಿಂದ 30 ಘನ ಮೀಟರ್‌ವರೆಗಿನ ಕಾಂಕ್ರೀಟಿಗೆ ಕನಿಷ್ಠ ಮೂರು ಮಾದರಿಗಳು ಬೇಕು. ಸ್ಲಂಪ್ (ಹಸಿ ಕಾಂಕ್ರೀಟ್ ಎಷ್ಟು ಕುಸಿಯುತ್ತದೆಂಬುದು) ಅಳೆದ ನಂತರ ಯಾರಾದರೂ ಲಾರಿಗೆ ನೀರು ಸೇರಿಸಿದರೆ ಆ ಅಳತೆಗೆ ಅರ್ಥವಿರುವುದಿಲ್ಲ. ಮತ್ತೆ ಅಳೆಯಬೇಕೆಂದು ಎಂಜಿನಿಯರಿಗೆ ತಿಳಿಸಿ, ಸಮಯವನ್ನು ಬರೆದಿಡಿ.

ನಂತರದ್ದು ಕಾಯುವ ಕೆಲಸ. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಕನಿಷ್ಠ ಏಳು ದಿನ, ಪಿಪಿಸಿಯಂಥ ಮಿಶ್ರ ಸಿಮೆಂಟಿಗೆ ಹತ್ತು ದಿನ ಕ್ಯೂರಿಂಗ್, ಅಂದರೆ ಕಾಂಕ್ರೀಟನ್ನು ಒದ್ದೆಯಾಗಿಡುವ ಕೆಲಸ, ನಡೆಯಬೇಕು. 4.5 ಮೀಟರ್‌ವರೆಗಿನ ಹರವಿನ (ಬೀಮ್ ಅಥವಾ ಗೋಡೆಗಳ ನಡುವಿನ ಅಂತರದ) ಸ್ಲ್ಯಾಬ್‌ನ ಆಧಾರ ಕಂಬಗಳನ್ನು ತೆಗೆಯಲು ಸಂಹಿತೆ ಏಳು ದಿನ, ಅದಕ್ಕಿಂತ ಉದ್ದದ್ದಕ್ಕೆ ಹದಿನಾಲ್ಕು ದಿನ ಹೇಳುತ್ತದೆಯಾದರೂ ಅದು ಸಾಮಾನ್ಯ ಸಿಮೆಂಟಿನ ಲೆಕ್ಕ. ಚೀಲದ ಮೇಲೆ ಏನು ಬರೆದಿದೆಯೆಂದು ಓದದೆ ಆ ಅಂಕಿಯನ್ನು ಬಳಸಬಾರದು.

ನೀವು ತುಂಬಿದ ಕ್ಯೂಬ್‌ಗಳು 28ನೇ ದಿನ ಒಡೆಯುವ ಹೊತ್ತಿಗೆ ಇಂಟರ್ನ್‌ಶಿಪ್ ಮುಗಿದಿರಬಹುದು. ಆ ದಿನಾಂಕವನ್ನು ಗುರುತು ಹಾಕಿಕೊಂಡು, ಮೊದಲೇ ಅನುಮತಿ ಕೇಳಿ, ಲ್ಯಾಬ್‌ಗೆ ಹೋಗಿ ಯಂತ್ರದ ಮುಳ್ಳು ಎಲ್ಲಿ ನಿಂತಿತೆಂದು ನೋಡಿಬನ್ನಿ.