ಸುಕೂಕ್ ಮತ್ತು ಜಿಡಿಪಿ: ಮೂರು ವರ್ಷಗಳ ಬಳಿಕ ಕೈಗೆ ಸಿಕ್ಕ ದೀರ್ಘಾವಧಿ ಸಂಬಂಧ

ರಾಯಚೂರಿನಲ್ಲಿ ಕುಳಿತು ಮಲೇಷ್ಯಾದ ಸುಕೂಕ್ (ಬಡ್ಡಿಯ ಬದಲು ಆಸ್ತಿಯ ಆದಾಯದಲ್ಲಿ ಪಾಲು ಕೊಡುವ ಇಸ್ಲಾಮಿಕ್ ಬಾಂಡ್) ಮತ್ತು ಅಲ್ಲಿನ ಜಿಡಿಪಿ ದೀರ್ಘಾವಧಿಯಲ್ಲಿ ಜೊತೆಯಾಗಿ ಸಾಗುತ್ತವೆಯೇ ಎಂದು ಸಂಶೋಧನೆ ಮಾಡುತ್ತೇನೆಂದಾಗ, ಎಡದಂಡೆ ಕಾಲುವೆಯ ಭತ್ತ ಬಿಟ್ಟು ಇದೇಕೆ ಎಂದು ಸಹೋದ್ಯೋಗಿಗಳು ಕೇಳಿದ್ದರು. ಫಲಿತಾಂಶವೇ ನಿಲ್ಲುತ್ತಿರಲಿಲ್ಲವಾದ್ದರಿಂದ ಮೂರು ವರ್ಷ ನನ್ನಲ್ಲಿ ಉತ್ತರವಿರಲಿಲ್ಲ. ಈಗ ನಿಂತಿದೆ.

ಮೊದಲು ಎಡವಿದ್ದು ವಾರ್ಷಿಕ ಅಂಕಿಗಳಲ್ಲಿ. 1990ರಲ್ಲಿ ಶೆಲ್ ಎಂಡಿಎಸ್ ಕಂಪನಿ 125 ಮಿಲಿಯನ್ ರಿಂಗಿಟ್‌ನ ಸುಕೂಕ್ ಹೊರಡಿಸಿದಲ್ಲಿಂದ ಎಣಿಸಿದರೂ ಮೂವತ್ತು ಚಿಲ್ಲರೆ ಸಾಲುಗಳಷ್ಟೇ ಸಿಗುತ್ತವೆ. ಅವುಗಳಲ್ಲಿ 1998ರ ಶೇ 7ಕ್ಕೂ ಮೀರಿದ ಜಿಡಿಪಿ ಕುಸಿತ ಇಡೀ ಮಾದರಿಯನ್ನು ತನ್ನತ್ತ ಎಳೆದುಕೊಳ್ಳುತ್ತದೆ. ದೀರ್ಘಾವಧಿ ಸಂಬಂಧ ಇದೆಯೇ ಎಂದು ನೋಡುವ ಜೋಹಾನ್ಸನ್ ಪರೀಕ್ಷೆ ಎರಡು ಲಾಗ್ (ಹಿಂದಿನ ಎರಡು ವರ್ಷಗಳ ಅಂಕಿ) ಕೊಟ್ಟರೆ ಸಂಬಂಧವಿದೆ ಎಂದಿತು, ಮೂರು ಕೊಟ್ಟರೆ ಇಲ್ಲ ಎಂದಿತು. ಅದನ್ನೇ ಆತುರದಲ್ಲಿ ಒಂದು ಪತ್ರಿಕೆಗೆ ಕಳಿಸಿ ಸುಮಾರು ಹದಿನೆಂಟು ಸಾವಿರ ರೂಪಾಯಿ ಶುಲ್ಕ ಕಟ್ಟಿದೆ. ಪ್ರಬಂಧ ತಿರಸ್ಕೃತವಾಯಿತು, ಹಣವೂ ಮರಳಲಿಲ್ಲ. ತಂತ್ರಾಂಶದ ಪರವಾನಗಿ ನವೀಕರಿಸಲು ಇಟ್ಟಿದ್ದ ದುಡ್ಡು ಅದು. ಹಾಗಾಗಿ ಉಚಿತವಾಗಿ ಸಿಗುವ ಆರ್ ಎಂಬ ಸಂಖ್ಯಾಶಾಸ್ತ್ರ ತಂತ್ರಾಂಶ ಕಲಿತೆ.

ತ್ರೈಮಾಸಿಕ ಅಂಕಿಗಳಿಗೆ ಬಂದ ಮೇಲೂ ಸರಿಹೋಗಲಿಲ್ಲ. ಆಯಾ ತ್ರೈಮಾಸಿಕದಲ್ಲಿ ಹೊಸದಾಗಿ ಹೊರಬಂದ ಸುಕೂಕ್ ಮೊತ್ತವನ್ನು ನಾನು ಬಳಸುತ್ತಿದ್ದೆ. 2012ರ ಜನವರಿಯಲ್ಲಿ ಪ್ಲಸ್ ಹೆದ್ದಾರಿ ಸಂಸ್ಥೆಯೊಂದೇ 30 ಬಿಲಿಯನ್ ರಿಂಗಿಟ್‌ಗೂ ಹೆಚ್ಚು ಎತ್ತಿತು. ನಕ್ಷೆಯಲ್ಲಿ ಆ ಬಿಂದು ಬಯಲಿನ ತಾಳೆಮರದಂತೆ ಒಂಟಿಯಾಗಿ ನಿಂತಿತ್ತು. ಆದರೆ ಆ ಹಣ ಹೋದದ್ದು ಇದ್ದ ಹೆದ್ದಾರಿಗಳ ಒಡೆತನ ಬದಲಾಗಲಿಕ್ಕೇ ಹೊರತು ಹೊಸ ರಸ್ತೆಗಲ್ಲ. ಅಂಥ ಏರಿಳಿತದಲ್ಲಿ ಬೆಳವಣಿಗೆಯ ಸುಳಿವು ಹುಡುಕಿದ್ದೇ ನನ್ನ ತಪ್ಪು. ತೀರದೆ ಉಳಿದಿರುವ ಒಟ್ಟು ಸುಕೂಕ್ ಮೊತ್ತವನ್ನು ತೆಗೆದುಕೊಂಡ ದಿನವೇ ಚಿತ್ರ ಬದಲಾಯಿತು.

ಆಮೇಲೆ ದೀರ್ಘಾವಧಿ ಸಂಬಂಧ ಹುಡುಕುವ ಇನ್ನೊಂದು ವಿಧಾನವಾದ ಎಆರ್‌ಡಿಎಲ್ ಬೌಂಡ್ಸ್ ಪರೀಕ್ಷೆ ಮಾಡಿದೆ. ಸಾಲುಗಳು ಎಪ್ಪತ್ತರ ಆಸುಪಾಸಿನಲ್ಲಿದ್ದುದರಿಂದ ಆ ಪರೀಕ್ಷೆಯನ್ನು ರೂಪಿಸಿದ ಪೆಸರಾನ್ ಮತ್ತು ಸಂಗಡಿಗರ 2001ರ ಮಿತಿಗಳ ಕೋಷ್ಟಕ ಬಿಟ್ಟು, 30ರಿಂದ 80 ಸಾಲುಗಳಿಗೆಂದೇ ನಾರಾಯಣ್ 2005ರಲ್ಲಿ ಕೊಟ್ಟ ಮಿತಿಗಳನ್ನು ಹಿಡಿದೆ. ಅವು ಹೆಚ್ಚು ಕಠಿಣ. ಆದರೂ ಪರೀಕ್ಷೆಯ ಎಫ್ ಮೌಲ್ಯ ಮೇಲಿನ ಮಿತಿಯನ್ನು ದಾಟಿತು, ಅಂದರೆ ಸಂಬಂಧವಿದೆ; ದೋಷ ತಿದ್ದುವ ಗುಣಾಂಕ ಋಣಾತ್ಮಕವಾಗಿ ಬಂತು, ಅಂದರೆ ದಾರಿ ತಪ್ಪಿದರೂ ಮತ್ತೆ ಅದೇ ಸಂಬಂಧಕ್ಕೆ ಮರಳುತ್ತವೆ. ಬ್ಯಾಂಕ್ ಸಾಲವನ್ನು ಮಾದರಿಯಲ್ಲಿ ಸೇರಿಸಲೇಬೇಕು, ಇಲ್ಲವಾದರೆ ಇಡೀ ಹಣಕಾಸು ವಲಯದ ಕೀರ್ತಿಯನ್ನು ಸುಕೂಕ್ ಒಂದೇ ಹೊತ್ತುಕೊಳ್ಳುತ್ತದೆ. 2020ರ ಎರಡನೇ ತ್ರೈಮಾಸಿಕದಲ್ಲಿ ಜಿಡಿಪಿ ಶೇ 17ರಷ್ಟು ಕುಸಿದಿದ್ದಕ್ಕೆ ಪ್ರತ್ಯೇಕ ಡಮ್ಮಿ (ಆ ತ್ರೈಮಾಸಿಕಕ್ಕೆ 1, ಉಳಿದವಕ್ಕೆ 0 ಎಂಬ ಗುರುತು) ಬೇಕು. ಮೂಲ ವರ್ಷ ಬದಲಾದಲ್ಲೆಲ್ಲ ಜಿಡಿಪಿ ಸರಣಿಯನ್ನು ಬೆಸೆದ ಬಗೆಯನ್ನೂ ಗುಣಾಂಕದ ನಿಖರ ಅಂಕಿಯನ್ನೂ ಪ್ರಬಂಧ ಅಚ್ಚಾಗುವವರೆಗೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಕೋಡ್ ನಂಬಬಹುದೇ ಎಂದು ನೋಡಲು ಗಂಗಾವತಿ ಮತ್ತು ಸಿಂಧನೂರು ಮಾರುಕಟ್ಟೆಗಳ ಸೋನಾ ಮಸೂರಿ ದರವನ್ನು ಅದೇ ಪರೀಕ್ಷೆಗೆ ಒಡ್ಡಿದೆ. ಒಂದು ಕಡೆ ದರ ಏರಿದರೆ ಲಾರಿಗಳು ಅತ್ತ ತಿರುಗುತ್ತವೆಂದು ಇಲ್ಲಿ ಯಾರಿಗಾದರೂ ಗೊತ್ತು. ಪರೀಕ್ಷೆಯೂ ಅದನ್ನೇ ಹೇಳಿತು. ಭತ್ತದ ಪ್ರಶ್ನೆ ಎತ್ತಿದ್ದ ಸಹೋದ್ಯೋಗಿಗೆ ಮೊದಲು ತೋರಿಸಿದ್ದು ಆ ಪುಟವನ್ನೇ. ಆತ ಎರಡು ಸಲ ಓದಿ, ಸುಕೂಕ್ ಬೆಳವಣಿಗೆಯನ್ನು ಎಳೆಯುತ್ತದೆಯೋ ಬೆಳವಣಿಗೆ ಸುಕೂಕನ್ನೋ ಎಂದು ಕೇಳಿದ. ಬೌಂಡ್ಸ್ ಪರೀಕ್ಷೆ ಅದನ್ನು ಹೇಳುವುದಿಲ್ಲ. ಈ ತಿಂಗಳು, ಯಾವುದು ಯಾವುದಕ್ಕಿಂತ ಮುಂಚೆ ಸಾಗುತ್ತದೆಂದು ನೋಡುವ ಟೋಡಾ–ಯಮಾಮೊಟೊ ವಿಧಾನದಲ್ಲಿ ಕುಳಿತಿರುವುದು ಅದಕ್ಕಾಗಿಯೇ.