ಒಂದೇ ಪಟ್ಟಿ, ತಿದ್ದೋರು ಮೂವತ್ತು ಜನ: ಲೈವ್ ಪೇಜ್ ಕಟ್ಟಿದ ನನ್ನ ಅನುಭವ

ನಮ್ದೊಂದು ವಾಲಂಟಿಯರ್ ಗುಂಪು, ಸುಮಾರು 30 ಜನ. ಯಾರು ಯಾವ ಕೆಲಸ ತಗೊಂಡಿದಾರೆ ಅನ್ನೋ ಪಟ್ಟಿ ಎಲ್ರಿಗೂ ಕಾಣ್ಬೇಕು, ಎಲ್ರೂ ತಿದ್ಬೇಕು, ಒಬ್ರು ತಿದ್ದಿದ್ದು ಉಳಿದವ್ರಿಗೆ ಆಗಿಂದಾಗ್ಲೇ ಗೊತ್ತಾಗ್ಬೇಕು, ಬೇಕಾಗಿದ್ದಿದ್ದು ಇಷ್ಟೇ. ರೆಡಿಮೇಡ್ ಟೂಲ್‌ಗಳು ಬೇಕಾದಷ್ಟಿವೆ, ಆದ್ರೆ ಒಳಗೆ ಏನ್ ನಡೆಯುತ್ತೆ ಅಂತ ಕೈಯಾರೆ ಮಾಡಿ ತಿಳ್ಕೋಬೇಕು ಅನ್ನೋ ಆಸೆ ಬಹಳ ದಿನದಿಂದ ಇತ್ತು, ಅದಕ್ಕೆ ನಾನೇ ಬರೆಯೋಕೆ ಕೂತೆ.

ಮೊದ್ಲು ಮಾಡಿದ್ದು ಹಳೇ ಪದ್ಧತಿ. ಫಾರ್ಮ್ ತುಂಬಿ ಸಬ್ಮಿಟ್ ಒತ್ತಿದ್ರೆ ಇಡೀ ಪೇಜ್ ಮತ್ತೆ ಲೋಡ್ ಆಗೋದು. ಆಮೇಲೆ ಅಜಾಕ್ಸ್ ದಾರಿ ಹಿಡಿದೆ, ಅಂದ್ರೆ ಪೇಜ್ ಇದ್ದ ಹಾಗೇ ಇರುತ್ತೆ, ಹಿಂದಿನಿಂದ ಜಾವಾಸ್ಕ್ರಿಪ್ಟ್ ಸರ್ವರ್‌ಗೆ ಹೋಗಿ ಬೇಕಾದ ಡೇಟಾ ಮಾತ್ರ ತರುತ್ತೆ. ಈ ಹೆಸರು ಬಂದಿದ್ದು 2005ರಲ್ಲಿ, ತಂತ್ರ ಮಾತ್ರ 1999ರ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರಲ್ಲೇ ಇತ್ತು. ಪ್ರತಿ 2 ಸೆಕೆಂಡಿಗೆ "ಹೊಸದೇನಾದ್ರೂ ಇದ್ಯಾ" ಅಂತ ಕೇಳೋ ಹಾಗೆ ಬರ್ದೆ. ಕೆಲಸ ಮಾಡ್ತು, ಆದ್ರೆ ಲೆಕ್ಕ ಹಾಕಿ ನೋಡಿ: 30 ಜನ ಪೇಜ್ ತೆರೆದಿಟ್ರೆ ಸೆಕೆಂಡಿಗೆ 15 ರಿಕ್ವೆಸ್ಟ್, ಗಂಟೆಗೆ 54,000, ಅದ್ರಲ್ಲಿ ಮುಕ್ಕಾಲುಪಾಲು ಉತ್ತರ "ಏನೂ ಇಲ್ಲ" ಅಂತಲೇ.

ಆಗ ವೆಬ್‌ಸಾಕೆಟ್‌ಗೆ ಬಂದೆ. ಇದು 2011ರಲ್ಲಿ ಸ್ಟ್ಯಾಂಡರ್ಡ್ ಆಗಿದ್ದು. ಬ್ರೌಸರ್ ಮಾಮೂಲಿ ಎಚ್‌ಟಿಟಿಪಿ ರಿಕ್ವೆಸ್ಟಲ್ಲೇ ಅಪ್‌ಗ್ರೇಡ್ ಮಾಡು ಅಂತ ಕೇಳುತ್ತೆ, ಸರ್ವರ್ 101, ಅಂದ್ರೆ "ಸರಿ, ಬದಲಾಯಿಸೋಣ" ಅಂತ ಉತ್ತರ ಕೊಡುತ್ತೆ, ಅಲ್ಲಿಂದ ಮುಂದೆ ಲೈನ್ ತೆರೆದೇ ಇರುತ್ತೆ, ಎರಡೂ ಕಡೆಯವ್ರು ಯಾವಾಗ ಬೇಕಾದ್ರೂ ಮಾತಾಡ್ಬೋದು. ಕಷ್ಟ ಇರೋದು ಲೈನ್ ಕಟ್ ಆದಾಗ. ಸರ್ವರ್ ರೀಸ್ಟಾರ್ಟ್ ಮಾಡಿದ್ರೆ ಎಲ್ರ ಬ್ರೌಸರ್ರೂ ಒಂದೇ ಕ್ಷಣಕ್ಕೆ ಬಂದು ಬಾಗಿಲು ಬಡಿಯುತ್ವೆ. ಅದಕ್ಕೆ 1, 2, 4, 8 ಸೆಕೆಂಡ್ ಅಂತ ಕಾಯೋ ಸಮಯ ಹೆಚ್ಚಿಸ್ತಾ ಹೋದೆ, ಜೊತೆಗೆ ಒಂಚೂರು ರ‍್ಯಾಂಡಮ್ ಸೇರಿಸ್ದೆ, ಎಲ್ರೂ ಒಟ್ಟಿಗೆ ಬರ್ಬಾರ್ದು ಅಂತ. ಮತ್ತೆ ಕನೆಕ್ಟ್ ಆದವ್ರು ತಾವು ಕೊನೆಗೆ ನೋಡಿದ ಬದಲಾವಣೆಯ ನಂಬರ್ ಹೇಳಿದ್ರೆ ಆಮೇಲಿಂದು ಮಾತ್ರ ಸರ್ವರ್ ಕಳಿಸುತ್ತೆ.

ಮಧ್ಯೆ ಒಬ್ರು ಇಂಗ್ಲಿಷ್ ಅಕ್ಷರದಲ್ಲಿ "ಪೆಂಡಿಂಗ್" ಅಂತ ಆ್ಯಂಗಲ್ ಬ್ರ್ಯಾಕೆಟ್ (< >) ಒಳಗೆ ಟೈಪ್ ಮಾಡಿದ್ರು, ಸ್ಕ್ರೀನಲ್ಲಿ ಆ ಪದವೇ ಮಾಯ. ನಾನು ಜನ ಬರೆದಿದ್ದನ್ನ ನೇರವಾಗಿ ಇನ್ನರ್‌ಎಚ್‌ಟಿಎಂಎಲ್‌ಗೆ ಹಾಕ್ತಿದ್ದೆ, ಅಲ್ಲಿಗೆ ಹಾಕಿದ್ದನ್ನ ಬ್ರೌಸರ್ ಪೇಜಿನ ಕೋಡ್ ಥರ ಓದುತ್ತೆ, ಹಾಗಾಗಿ ಆ ಪದವನ್ನ ಟ್ಯಾಗ್ ಅಂದ್ಕೊಳ್ತು. ಪದ ಹೋಗಿದ್ದು ಸಣ್ಣ ವಿಷಯ, ಅದೇ ಬಾಗಿಲಲ್ಲಿ ಬೇರೆಯವ್ರ ಕೋಡೂ ಒಳಗೆ ಬರ್ಬೋದು. 2005ರಲ್ಲಿ ಮೈಸ್ಪೇಸ್ ಅನ್ನೋ ಸೋಶಿಯಲ್ ಸೈಟಲ್ಲಿ ಒಂದೇ ದಿನದೊಳಗೆ 10 ಲಕ್ಷಕ್ಕೂ ಹೆಚ್ಚು ಪ್ರೊಫೈಲಿಗೆ ಹರಡಿದ ವರ್ಮ್ (ತಾನಾಗೇ ಹರಡೋ ಕೋಡ್) ಈ ಜಾತಿದೇ. ಅವತ್ತೇ ಎಲ್ಲಾ ಕಡೆ ಟೆಕ್ಸ್ಟ್‌ಕಂಟೆಂಟ್ ಅಂತ ಬದಲಾಯಿಸ್ದೆ, ಅದು ಬರೆದಿದ್ದನ್ನ ಬರೀ ಅಕ್ಷರವಾಗೇ ತೋರಿಸುತ್ತೆ.

ಆದ್ರೆ ನಿಜವಾದ ಪಾಠ ಸಿಕ್ಕಿದ್ದು ಇದ್ಯಾವುದರಲ್ಲೂ ಅಲ್ಲ. ಒಂದಿನ ಒಬ್ರು ಒಂದು ಸಾಲಲ್ಲಿ ಅರ್ಧ ಪ್ಯಾರಾ ವಿವರ ಬರೆದು ಸೇವ್ ಮಾಡಿದ್ರು, ಅದೇ ಸಾಲನ್ನ ಅದಕ್ಕೂ ಮೊದ್ಲೇ ತೆರೆದಿಟ್ಕೊಂಡಿದ್ದ ಇನ್ನೊಬ್ರು ಬರೀ ತಾರೀಖು ತಿದ್ದಿ ಸೇವ್ ಒತ್ತಿದ್ರು, ಮೊದಲನೆಯವ್ರ ಬರಹ ಪೂರ್ತಿ ಅಳಿಸಿಹೋಯ್ತು. ಎರರ್ ಇಲ್ಲ, ಎಚ್ಚರಿಕೆ ಇಲ್ಲ, ಹಳೇದು ಎಲ್ಲೂ ಉಳಿದಿರ್ಲಿಲ್ಲ. ಅವ್ರು "ನಾನು ಬರೆದಿದ್ನಲ್ಲಾ" ಅಂತ ಕೇಳಿದಾಗ ನನ್ ಹತ್ರ ಉತ್ತರ ಇರ್ಲಿಲ್ಲ, ತುಂಬಾ ಬೇಜಾರಾಯ್ತು.

ಈಗ ಪ್ರತಿ ಸಾಲಿಗೂ ಒಂದು ವರ್ಷನ್ ನಂಬರ್ ಇದೆ. ಸೇವ್ ಮಾಡುವಾಗ "ನಾನು ತಿದ್ದಿದ್ದು 7ನೇ ವರ್ಷನ್" ಅಂತ ಬ್ರೌಸರ್ ಹೇಳ್ಬೇಕು, ಸರ್ವರಲ್ಲಿ ಆಗ್ಲೇ 8 ಆಗಿದ್ರೆ ಸೇವ್ ಆಗಲ್ಲ, 409, ಅಂದ್ರೆ "ಇಬ್ರ ತಿದ್ದುಪಡಿ ಡಿಕ್ಕಿ ಹೊಡೀತಿದೆ" ಅನ್ನೋ ಉತ್ತರ ಬರುತ್ತೆ, ಇಬ್ರ ಬರಹನೂ ಅಕ್ಕಪಕ್ಕ ತೋರಿಸಿ ಯಾವುದು ಇರ್ಲಿ ಅಂತ ಕೇಳುತ್ತೆ. ವಿಕಿಪೀಡಿಯಾದಲ್ಲಿ ತಿದ್ದಿದವ್ರಿಗೆ ಈ ಥರದ ಪೇಜ್ ಪರಿಚಯ ಇರುತ್ತೆ. ಅಲ್ಲಿನ ಹಾಗೇ ಹಳೇ ವರ್ಷನ್ ಯಾವುದನ್ನೂ ಅಳಿಸದೆ ಇಡೋಕೆ ಶುರು ಮಾಡ್ದೆ. ಅಕ್ಷರ ಅಕ್ಷರವಾಗಿ ಒಟ್ಟಿಗೆ ಟೈಪ್ ಮಾಡೋ ಥರ ಬೇಕು ಅಂದ್ರೆ ಇದು ಸಾಕಾಗಲ್ಲ, ಸಿಆರ್‌ಡಿಟಿ (ಎಲ್ರ ತಿದ್ದುಪಡಿನೂ ತಾನಾಗೇ ಸೇರಿಸೋ ಡೇಟಾ ರಚನೆ) ಅಂಥದ್ದು ಬೇಕು, ನಮ್ ಪಟ್ಟಿಗೆ ಅಷ್ಟು ಬೇಕಾಗ್ಲಿಲ್ಲ.

ಕೊನೆಗೆ ಸೇರಿಸಿದ್ದು ತೀರಾ ಚಿಕ್ಕದು: ಒಬ್ರು ಸಾಲೊಂದರ ಮೇಲೆ ಕ್ಲಿಕ್ ಮಾಡಿದ್ರೆ ಉಳಿದವ್ರ ಸ್ಕ್ರೀನಲ್ಲಿ ಅದ್ರ ಪಕ್ಕ "ಇವ್ರು ಬರೀತಿದಾರೆ" ಅಂತ ಹೆಸರು ಕಾಣುತ್ತೆ. ಬೀಗ ಏನೂ ಹಾಕಿಲ್ಲ, ಬೇಕಾದ್ರೆ ಆಗ್ಲೂ ತಿದ್ಬೋದು. ಆದ್ರೆ ಹೆಸರು ಕಂಡ್ರೆ ಜನ ತಾವಾಗೇ ಒಂದೆರಡು ನಿಮಿಷ ಕಾಯ್ತಾರೆ, ಆ 409 ಸ್ಕ್ರೀನ್ ಈಗ ಕಾಣೋದೇ ಅಪರೂಪ.