ಕಿಕ್ಕಿರಿದ ಪ್ರೋಟೀನಿನ ಒತ್ತಡ: ಲೆಕ್ಕ ಹಾಕುವುದು ಹೇಗೆ?

ಜೂನ್ 1ರಿಂದ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ಕಾರವಾರದ ಬೈತಖೋಲ ಬಂದರಿಗೆ ಹೋಗಿ ನೋಡಬೇಕು. ಕಡಲಲ್ಲಿ ಒಂದರ ಗೊಡವೆ ಇನ್ನೊಂದಕ್ಕಿಲ್ಲದ ಬೋಟುಗಳು ಇಲ್ಲಿ ಮೈಗೆ ಮೈ ತಾಗಿಸಿ ನಿಂತಿರುತ್ತವೆ. ನಡುವಿನ ಒಂದು ಬೋಟು ಹೊರಬರಬೇಕೆಂದರೆ ಸುತ್ತಲಿನವುಗಳ ಹಗ್ಗವನ್ನೆಲ್ಲ ಸಡಿಲಿಸಬೇಕು. ಗಾಢ ಪ್ರೋಟೀನ್ ದ್ರಾವಣದ ಅಭಿಸರಣ ಒತ್ತಡವನ್ನು (ಪೊರೆಯ ಮೂಲಕ ನೀರನ್ನು ತನ್ನತ್ತ ಎಳೆಯುವ ಒತ್ತಡವನ್ನು) ಹೇಳಿಕೊಡಲು ನನಗೆ ಇದಕ್ಕಿಂತ ಒಳ್ಳೆಯ ಚಿತ್ರ ಸಿಕ್ಕಿಲ್ಲ.

ಅಭಿಸರಣ ನಮ್ಮ ಮನೆಗಳಿಗೆ ಹೊಸದಲ್ಲ. ಶಿರಸಿಯ ಅಪ್ಪೆಮಿಡಿ ಉಪ್ಪಿನ ಭರಣಿಯಲ್ಲಿ ನೀರು ಬಿಟ್ಟು ಸುಕ್ಕಾಗುವುದು ಇದರಿಂದಲೇ. ಆದರೆ ಪ್ರೋಟೀನ್ ಉಪ್ಪಿನಂತಲ್ಲ, ಅದರ ಕಣ ಬಹಳ ದೊಡ್ಡದು. ಸುಲಭ ಸೂತ್ರ ಸೋಲುವುದು ಅಲ್ಲಿಯೇ.

ಕಾಗದ, ಪೆನ್ನು, ಮೊಬೈಲಿನ ಕ್ಯಾಲ್ಕ್ಯುಲೇಟರ್ ಸಾಕು. ದನದ ರಕ್ತದ ಆಲ್ಬುಮಿನ್ ತೆಗೆದುಕೊಳ್ಳಿ: ಅಣುತೂಕ ಸುಮಾರು 66,500, ಲೀಟರಿಗೆ 400 ಗ್ರಾಂ, ಉಷ್ಣತೆ 25 ಡಿಗ್ರಿ ಸೆಲ್ಸಿಯಸ್. ಪ್ರೋಟೀನನ್ನು ದಾಟಲು ಬಿಡದ ಪೊರೆಯ ಆಚೆ 0.15 ಮೋಲಾರ್ (ಲೀಟರಿಗೆ 0.15 ಮೋಲ್) ಉಪ್ಪುನೀರು.

ಮೊದಲು ವಾಂಟ್ ಹಾಫ್ ಸೂತ್ರ, ಕಣಗಳ ಸಂಖ್ಯೆಯಿಂದಲೇ ಒತ್ತಡ ಹೇಳುವ ಸುಲಭ ಸೂತ್ರ. 400ನ್ನು ಅಣುತೂಕದಿಂದ ಭಾಗಿಸಿ, ಬಂದದ್ದನ್ನು 24.47ರಿಂದ (ಅನಿಲ ಸ್ಥಿರಾಂಕ ಮತ್ತು ಕೆಲ್ವಿನ್ ಉಷ್ಣತೆಯ ಗುಣಲಬ್ಧ) ಗುಣಿಸಿದರೆ 0.147 ವಾಯುಭಾರ, ಅಂದರೆ 112 ಮಿಲಿಮೀಟರ್ ಪಾದರಸ. ಇದು ಕಡಲಲ್ಲಿ ಹರಡಿದ ಬೋಟುಗಳ ಲೆಕ್ಕ: ತಲೆ ಎಣಿಸಿದೆ, ಗಾತ್ರ ನೋಡಿಲ್ಲ.

ಈಗ ಗಾತ್ರ. ಒಂದು ಗ್ರಾಂ ಪ್ರೋಟೀನ್ 0.73 ಮಿಲಿಲೀಟರ್ ಜಾಗ ಹಿಡಿಯುತ್ತದೆ. ಹಾಗಾಗಿ ದ್ರಾವಣದಲ್ಲಿ ಪ್ರೋಟೀನಿನ ಪಾಲು 0.292. ಗಟ್ಟಿ ಗೋಲಿಗಳಿಗಾಗಿ ಕಾರ್ನಹನ್ ಮತ್ತು ಸ್ಟಾರ್ಲಿಂಗ್ 1969ರಲ್ಲಿ ಕೊಟ್ಟ ಸೂತ್ರ ಇಲ್ಲಿ ಬೇಕು. ಒಂದಕ್ಕೆ ಆ ಪಾಲನ್ನೂ ಅದರ ವರ್ಗವನ್ನೂ ಕೂಡಿಸಿ, ಘನವನ್ನು ಕಳೆಯಿರಿ. ಒಂದರಲ್ಲಿ ಪಾಲನ್ನು ಕಳೆದು ಉಳಿದದ್ದರ ಘನದಿಂದ ಅದನ್ನು ಭಾಗಿಸಿ. 3.8 ಬರುತ್ತದೆ. ಒತ್ತಡ ಅಷ್ಟು ಪಟ್ಟು ಏರಿ ಸುಮಾರು 425 ಮಿಲಿಮೀಟರ್ ಮುಟ್ಟುತ್ತದೆ.

ಇಷ್ಟಕ್ಕೇ ನಿಲ್ಲಿಸಬೇಡಿ. ಬೋಟಿನ ಪಕ್ಕಕ್ಕೆ ಇಳಿಬಿಟ್ಟ ಹಳೆಯ ಟೈರುಗಳನ್ನು ನೋಡಿದ್ದೀರಲ್ಲವೇ? ಟೈರಿನ ದಪ್ಪದಷ್ಟು ಜಾಗವೂ ಆ ಬೋಟಿನದೇ. ಪ್ರೋಟೀನಿನ ಮೈಗೂ ಹಾಗೆಯೇ ನೀರಿನ ಪದರ ಅಂಟಿಕೊಂಡಿರುತ್ತದೆ. ಗ್ರಾಂ ಪ್ರೋಟೀನಿಗೆ 0.3 ಗ್ರಾಂ ನೀರು ಎಂದಿಟ್ಟುಕೊಂಡರೆ ಪಾಲು 0.412 ಆಗುತ್ತದೆ, ಗುಣಕ 7.4ಕ್ಕೆ ಏರುತ್ತದೆ, ಒತ್ತಡ ಸುಮಾರು 830 ಆಗುತ್ತದೆ. ಅಷ್ಟು ತೆಳುವಾದ ಪದರ ಒತ್ತಡವನ್ನು ಇಮ್ಮಡಿಯಾಗಿಸುತ್ತದೆ! ಪ್ರತಿ ಸಲ ಈ ಲೆಕ್ಕ ಮಾಡುವಾಗಲೂ ನನಗೆ ಅಚ್ಚರಿಯಾಗುತ್ತದೆ.

ಇನ್ನು ವಿದ್ಯುದಂಶ. ಪಿಎಚ್ 7.4ರಲ್ಲಿ ಆಲ್ಬುಮಿನ್ ಋಣಾತ್ಮಕ. ಒಂದು ಅಣುವಿಗೆ 20 ಋಣ ವಿದ್ಯುದಂಶ ಎಂದು ಹಿಡಿಯಿರಿ. ಅದನ್ನು ಸರಿದೂಗಿಸಲು ಸೋಡಿಯಂ ಅಯಾನುಗಳು ಒಳಗೇ ಉಳಿಯುತ್ತವೆ. ಇದು ಡೊನಾನ್ ಪರಿಣಾಮ. ಪ್ರೋಟೀನ್ ಬಿಟ್ಟು ಉಳಿದ ನೀರಿನ ಲೀಟರಿಗೆ ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಇನ್ನೂ 830 ಸೇರುತ್ತದೆ. 112ರಿಂದ ಹೊರಟ ಸಂಖ್ಯೆ ಈಗ 1,660ರ ಆಸುಪಾಸಿನಲ್ಲಿದೆ.

ಅಳತೆಯೊಂದಿಗೆ ಹೋಲಿಸುವಾಗ ಒಂದು ಎಚ್ಚರಿಕೆ ಬೇಕು. ನೀರಿನ ಪದರ, ವಿದ್ಯುದಂಶ ಎರಡನ್ನೂ ಒಟ್ಟಿಗೆ ಬದಲಿಸಿದರೆ ಅಳತೆಯ ಯಾವ ಗೆರೆಗಾದರೂ ಲೆಕ್ಕವನ್ನು ಹೊಂದಿಸಬಹುದು. ಅದಕ್ಕೇ ವಿದ್ಯುದಂಶ ಶೂನ್ಯಕ್ಕೆ ಹತ್ತಿರವಿರುವ ಪಿಎಚ್ 5ರ ಆಸುಪಾಸಿನ ಅಳತೆಗಳಿಂದ ನೀರಿನ ಪದರವನ್ನು ಮೊದಲು ನಿಗದಿ ಮಾಡಿಕೊಳ್ಳಿ. ಆಮೇಲೆ ಅದನ್ನು ಮುಟ್ಟದೆ 7.4ಕ್ಕೆ ಬನ್ನಿ.